ಹನ್ನೊಂದು ಮಂದಿ ರೈತರ ಮಣೂಕ, ಒಂದೇ ರಾಶಿ

ವಿಜಯಪುರದಿಂದ ತಿಕೋಟಾ ಕಡೆಗೆ ಹೋಗುವ ದಾರಿಯಲ್ಲಿ ಒಂದು ಮಣೂಕದ, ಅಂದರೆ ಒಣದ್ರಾಕ್ಷಿಯ, ಘಟಕವಿದೆ. 2008ರಿಂದ ನಾನು ಅಲ್ಲಿ ಮಾಲು ನೋಡುವ ಕೆಲಸದಲ್ಲಿದ್ದೇನೆ. ರೈತರು ತಮ್ಮ ಶೆಡ್‌ನಲ್ಲಿ ಒಣಗಿಸಿದ ದ್ರಾಕ್ಷಿ ತರುತ್ತಾರೆ. ನಾವು ತೊಟ್ಟು ಬಿಡಿಸಿ, ತೊಳೆದು, ಬಣ್ಣ ಮತ್ತು ಗಾತ್ರ ನೋಡಿ ಬೇರೆ ಮಾಡಿ, 15 ಕೆಜಿಯ ಬಾಕ್ಸ್ ಕಟ್ಟುತ್ತೇವೆ. ಆಮೇಲೆ ಕೋಲ್ಡ್ ಸ್ಟೋರೇಜ್.

ಸೇರಿದ ಮೊದಲ ವರ್ಷ ನನಗೆ ಕಲಿಸಿದ ದೊಡ್ಡ ವಿದ್ಯೆ ಎಂದರೆ ಮಾಲು ಕೂಡಿಸುವುದು. ಒಬ್ಬನ ಮಣೂಕ ಹಸಿರಾಗಿ ಚಂದ ಇರುತ್ತದೆ, ಇನ್ನೊಬ್ಬನದು ಸ್ವಲ್ಪ ಕಂದು. ಒಬ್ಬನದು ದಪ್ಪ, ಒಬ್ಬನದು ಸಣ್ಣ. ಅಂಗೈಯಲ್ಲಿ ಒಂದು ಹಿಡಿ ಹಾಕಿಕೊಂಡು ಉಜ್ಜಬೇಕು. ಅಂಟಿದರೆ ಇನ್ನೂ ಹಸಿ ಇದೆ. ಕಾಳು ಕಾಳಾಗಿ ಬಿಟ್ಟುಕೊಂಡರೆ ಒಣಗಿದೆ. ಒಂದನ್ನು ಕಚ್ಚಿ ನೋಡಿದರೆ ಸಕ್ಕರೆ ಎಷ್ಟು ಏರಿದಾಗ ಕಿತ್ತಿದ್ದಾರೆ ಅನ್ನುವುದೂ ಗೊತ್ತಾಗುತ್ತದೆ. ಇಷ್ಟೆಲ್ಲಾ ನೋಡಿ, ನಾಲ್ಕಾರು ಜನರ ಮಾಲನ್ನು ಒಂದೇ ರಾಶಿಯಂತೆ ಕಾಣುವ ಹಾಗೆ ಕೂಡಿಸಿದರೆ ಅವನು ಒಳ್ಳೆಯ ಕೆಲಸಗಾರ. ಮಹಾರಾಷ್ಟ್ರದ ತಾಸಗಾಂವ ಮಣೂಕ ಮಾರ್ಕೆಟ್‌ನಲ್ಲಿ ನಮ್ಮ ಲಾಟ್ ಒಂದೇ ಬಣ್ಣದಲ್ಲಿ ಹೊಳೆಯುವಾಗ ನನಗೆ ನಿಜವಾಗಲೂ ಹೆಮ್ಮೆ ಆಗುತ್ತಿತ್ತು.

2010ರಲ್ಲಿ ಒಂದು ಸುದ್ದಿ ಬಂತು. ಭಾರತದಿಂದ ಯುರೋಪಿಗೆ ಹೋದ ಹಸಿ ದ್ರಾಕ್ಷಿಯ ಕಂಟೇನರ್‌ಗಳು ಅಲ್ಲೇ ಸಿಕ್ಕಿಹಾಕಿಕೊಂಡವು. ಕಾರಣ ಕ್ಲೋರ್‌ಮೆಕ್ವಾಟ್ ಕ್ಲೋರೈಡ್. ನಮ್ಮ ರೈತರು ಅದನ್ನು ಸಿಸಿಸಿ ಅಂತ ಕರೆಯುತ್ತಾರೆ. ಏಪ್ರಿಲ್ ಚಾಟ್ನಿ, ಅಂದರೆ ಬಳ್ಳಿ ಕತ್ತರಿಸುವ ಕೆಲಸ, ಆದ ಮೇಲೆ ಬಳ್ಳಿ ಸುಮ್ನೆ ಉದ್ದಕ್ಕೆ ಓಡದೆ ಕಣ್ಣಿನಲ್ಲಿ ಕಾಯಿ ಕಟ್ಟಲಿ ಎಂದು ಹೊಡೆಯುವ ಔಷಧ. ಹಣ್ಣಿನಲ್ಲಿ ಅದು ಉಳಿಯಬಹುದಾದ ಯುರೋಪಿನ ಮಿತಿ ಆಗ ಒಂದು ಕೆಜಿಗೆ 0.05 ಮಿಲಿಗ್ರಾಂ ಇತ್ತು. ಅಂದರೆ 10 ಟನ್ ಲಾರಿಯಲ್ಲಿ ಅರ್ಧ ಗ್ರಾಂ. ಆ ದಿನ ನಮ್ಮ ಘಟಕದಲ್ಲಿ ಎಲ್ಲರೂ ಅಂದುಕೊಂಡದ್ದು ಒಂದೇ: ಅದು ಹಸಿ ದ್ರಾಕ್ಷಿಯವರ ತಲೆನೋವು, ನಮ್ಮದಲ್ಲ.

2017ರ ಹಂಗಾಮಿನಲ್ಲಿ ಅದೇ ತಲೆನೋವು ನಮ್ಮ ಬಾಗಿಲಿಗೆ ಬಂತು.

ಒಬ್ಬ ರಫ್ತುದಾರ ನಮ್ಮ ಹತ್ತಿರ ಒಂದು ಲಾಟ್ ಕೊಳ್ಳಲು ಸೌದಾ ಮಾಡಿದ್ದ. ಹನ್ನೊಂದು ಮಂದಿ ರೈತರ ಮಾಲು, ನಾನೇ ನಿಂತು ಕೂಡಿಸಿದ್ದು. ಕಣ್ಣಿಗೆ ಹಬ್ಬದಂತಿತ್ತು. ಮಾದರಿ ಲ್ಯಾಬ್‌ಗೆ ಹೋಯಿತು, ವಾಪಸ್ ಬಂದದ್ದು ಒಂದು ಕಾಗದ. ಸಿಸಿಸಿ ಮಿತಿಗಿಂತ ಜಾಸ್ತಿ. ಇಡೀ ಲಾಟ್ ಬೇಡ ಅಂದುಬಿಟ್ಟರು. ಯಾರ ಮಾಲಿನಿಂದ ಬಂತು ಎಂದು ಕೇಳಿದರೆ ನನ್ನ ಹತ್ತಿರ ಉತ್ತರವೇ ಇರಲಿಲ್ಲ. ಹನ್ನೊಂದರಲ್ಲಿ ಹತ್ತು ಜನ ತಪ್ಪು ಮಾಡಿಲ್ಲದಿರಬಹುದು. ಆದರೆ ಹತ್ತು ಜನರನ್ನು ಬೇರೆ ಮಾಡಿ ತೋರಿಸುವ ದಾರಿಯನ್ನು ನನ್ನ ಕೈಯೇ ಮುಚ್ಚಿಹಾಕಿತ್ತು.

ಆಗ ಒಂದು ವಿಷಯ ಹೊಳೆಯಿತು. ನಮ್ಮ ಕಡೆ ಯಾವ ದ್ರಾಕ್ಷಿ ರೈತನೂ ಎಲ್ಲಾ ಮಾಲು ಮಾರುವುದಿಲ್ಲ. ಮನೆಗೆ ಅಂತ ಒಂದು ಡಬ್ಬಿ ತೆಗೆದಿಡುತ್ತಾನೆ. ಬಾಣಂತಿಗೆ, ಶಿರಾಕ್ಕೆ, ಮಾದಲಿಗೆ, ಮಗಳ ಮನೆಗೆ ಕಳಿಸಲು. ನಾನು ಮೋಟಾರ್ ಬೈಕ್ ಹತ್ತಿ ಮೂರು ದಿನ ಹನ್ನೊಂದು ಮನೆ ತಿರುಗಿದೆ. ಪ್ರತಿ ಮನೆಯ ಡಬ್ಬಿಯಿಂದ ಒಂದಿಷ್ಟು ತೆಗೆದು, ಚೀಲದ ಮೇಲೆ ಹೆಸರು ಬರೆದುಕೊಂಡೆ. ಕುಳಿತು ಮಾತಾಡಿ, ಯಾರು ಯಾವ ಔಷಧ ಹೊಡೆದಿದ್ದರು ಎಂದು ಕೇಳಿದೆ. ಪರೀಕ್ಷೆಯ ಖರ್ಚು ಕಡಿಮೆಯಲ್ಲ. ಅನುಮಾನ ಬಂದ ಮೂರು ಚೀಲ ಮಾತ್ರ ಕಳಿಸಿದೆವು.

ಆ ಮೂವರಲ್ಲಿ ಒಬ್ಬರು ನನಗೆ ತುಂಬಾ ಬೇಕಾದವರು, ವಯಸ್ಸಾದ ಕಾಕಾ. ಅವರ ಮನೆ ಕಟ್ಟೆಯ ಮೇಲೆ ಕುಳಿತು ಕೇಳಿದ್ದೆ.

"ಕಾಕಾ, ಏಪ್ರಿಲ್ ಚಾಟ್ನಿ ಆದಮ್ಯಾಲ ಏನೇನ್ ಹೊಡದ್ರಿ?"

"ಅಂಗಡ್ಯಾವ ಏನ್ ಕೊಟ್ಟಾನ ಅದನ್ನ ಹೊಡದೇನಿ ತಮ್ಮಾ. ಬರಕೊಂತ ಯಾರ್ ಕುಂದರತಾರ? ಮತ್ತ ಒಣಗಿದ್ ಮ್ಯಾಲ ಔಷಧ ಎಲ್ಲಿ ಉಳೀತದ, ಹಾರಿ ಹೋಗಂಗಿಲ್ಲೇನು?"

ನಿಜ ಹೇಳಬೇಕೆಂದರೆ, ನಾನೂ ಒಂಬತ್ತು ವರ್ಷ ಹಾಗೇ ತಿಳಿದಿದ್ದೆ. ಆದರೆ ಲೆಕ್ಕ ಉಲ್ಟಾ ಇದೆ. ಸುಮಾರು ನಾಲ್ಕು ಕೆಜಿ ಹಸಿ ದ್ರಾಕ್ಷಿ ಒಣಗಿದರೆ ಒಂದು ಕೆಜಿ ಮಣೂಕ. ಹಾರಿ ಹೋಗುವುದು ನೀರು. ಬಳ್ಳಿಯೊಳಗೆ ಇಳಿದು ಕಾಯಿಗೆ ಸೇರಿದ ಔಷಧ ಹಾಗೇ ಉಳಿದರೆ, ನಾಲ್ಕು ಕೆಜಿಯಲ್ಲಿ ಇದ್ದದ್ದು ಒಂದು ಕೆಜಿಯಲ್ಲಿ ದಟ್ಟವಾಗಿ ಕೂರುತ್ತದೆ.

ನಾನು ಆ ಡಬ್ಬಿಗೆ ಕೈ ಹಾಕುವಾಗ ಕಾಕಾ ಅವರ ಮೊಮ್ಮಗ ಪಕ್ಕದಲ್ಲೇ ನಿಂತಿದ್ದ. ಸ್ಟೀಲ್ ಡಬ್ಬಿ, ಮುಚ್ಚಳಕ್ಕೆ ಒಂದು ತಗ್ಗು ಬಿದ್ದಿತ್ತು. ಶಾಲೆಗೆ ಹೋಗುವ ಮುಂಚೆ ದಿನಾ ಒಂದು ಹಿಡಿ ಅವನ ಕಿಸೆಗೆ ಹೋಗುತ್ತಿತ್ತು. ಲ್ಯಾಬ್‌ನಲ್ಲಿ ಫೇಲ್ ಆದದ್ದು ಆ ಡಬ್ಬಿಯ ಮಣೂಕವೇ.

ಮಿತಿ ದಾಟಿದ ಮಾತ್ರಕ್ಕೆ ತಿಂದವರಿಗೆ ರೋಗ ಬರುತ್ತದೆ ಎಂದಲ್ಲ. ಮಿತಿಯನ್ನು ಬಹಳ ಕೆಳಗೆ ಇಟ್ಟಿರುತ್ತಾರೆ. ಆದರೂ ಆ ಕಾಗದ ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಸಾವಿರಾರು ಮೈಲಿ ದೂರದ ಯಾವುದೋ ಮನೆಯ ಮಗುವಿಗಾಗಿ ಈ ಪರೀಕ್ಷೆ ನಡೆಯಿತು. ಅವರು ಬೇಡ ಅಂದ ಮಾಲು ನಮ್ಮ ಪೇಟೆಯಲ್ಲಿ ಯಾರೂ ಏನೂ ಕೇಳದೆ ಮಾರಿಹೋಗುತ್ತಿತ್ತು. ನಮ್ಮ ಹುಡುಗನ ಕಿಸೆಗೆ ಪರೀಕ್ಷೆ ಬೇಡವೇ?

ಜಾಗತೀಕರಣ ಅಂದ ತಕ್ಷಣ ನಮಗೆ ಮಾಲ್, ಮೊಬೈಲ್, ಪಿಜ್ಜಾ ನೆನಪಾಗುತ್ತವೆ. ನನಗೆ ಅದು ದ್ರಾಕ್ಷಿ ಪಡದಲ್ಲೇ ಕಾಣುತ್ತದೆ. ನೆಲದೊಳಗಿನ ಬೇರು ಡಾಗ್‌ರಿಡ್ಜ್, ಮೂಲ ಅಮೆರಿಕದ ಟೆಕ್ಸಾಸ್. ಉಪ್ಪು ನೀರು, ಬರ ಎರಡನ್ನೂ ತಡೆಯುತ್ತದೆ ಎಂದು ಇಲ್ಲಿಗೆ ತಂದದ್ದು. ಅದರ ಮೇಲೆ ಕಸಿ ಮಾಡಿದ ಥಾಮ್ಸನ್ ಸೀಡ್‌ಲೆಸ್‌ಗೆ ಆ ಹೆಸರು ಬಂದದ್ದು ಕ್ಯಾಲಿಫೋರ್ನಿಯಾದಲ್ಲಿ, ಆದರೆ ತಳಿಯ ಹುಟ್ಟು ಪಶ್ಚಿಮ ಏಷ್ಯಾದ ಕಡೆಯದು. ಕಾಯಿ ಉದ್ದವಾಗಲು ಬಳಸುವ ಜಿಬ್ಬರೆಲಿಕ್ ಆಮ್ಲದ ಗುಟ್ಟನ್ನು ಮೊದಲು ಕಂಡದ್ದು ಜಪಾನಿನವರು, ಅದೂ ಭತ್ತದ ಒಂದು ರೋಗವನ್ನು ಹುಡುಕುತ್ತಾ. ಡಿಪ್ಪಿಂಗ್ ಆಯಿಲ್ ಮತ್ತು ಪೊಟ್ಯಾಸಿಯಂ ಕಾರ್ಬೊನೇಟ್ ನೀರಿನಲ್ಲಿ ಗೊಂಚಲು ಅದ್ದಿ ನೆರಳಿನಲ್ಲಿ ಒಣಗಿಸುವ ಪದ್ಧತಿ ಆಸ್ಟ್ರೇಲಿಯಾದ್ದು. ಹಂಗಾಮಿಗೆ ಕೆಲಸಕ್ಕೆ ಬರುವ ಹುಡುಗರು ಬಿಹಾರದವರು. ನಮ್ಮದು ಅಂತ ಉಳಿದದ್ದು ಮಣ್ಣು, ಬಿಸಿಲು, ಸಾಲ. ಆದಿಲ್‌ಶಾಹಿ ಕಾಲದಿಂದಲೂ ಹೊರಗಿನವರು ಬಂದು ಬೆರೆತ ಊರಿದು, ಬೆರೆಯುವುದಕ್ಕೆ ನನ್ನ ತಕರಾರಿಲ್ಲ. ತಕರಾರು ಇರುವುದು ದರದ ಬಗ್ಗೆ.

ಅಫ್ಘಾನಿಸ್ತಾನದ ಮಣೂಕ ನಮ್ಮ ದೇಶದ ಪೇಟೆಗೆ ದಂಡಿಯಾಗಿ ಬರುತ್ತದೆ. 2021ರ ಆಗಸ್ಟ್‌ನಲ್ಲಿ ಕಾಬೂಲ್ ತಾಲಿಬಾನ್ ಕೈಗೆ ಹೋಯಿತಲ್ಲ, ಅಲ್ಲಿಂದ ಬರುವ ಒಣಹಣ್ಣು ಕೆಲವು ದಿನ ನಿಂತೇಹೋಯಿತು. ನಮ್ಮ ಆಫೀಸಿನ ಫೋನ್‌ಗೆ ದೆಹಲಿ ಕಡೆಯಿಂದ ಮೇಲಿಂದ ಮೇಲೆ ಕರೆ. ಏಪ್ರಿಲ್‌ನಲ್ಲೇ ಸಾಲ ತೀರಿಸಲು ಮಾಲು ಮಾರಿದ್ದ ರೈತರಿಗೆ ಅದರಿಂದ ಒಂದು ಪೈಸೆ ಸಿಗಲಿಲ್ಲ. ಸ್ಟೋರೇಜ್‌ನಲ್ಲಿ ಇಟ್ಟುಕೊಳ್ಳುವ ತಾಕತ್ತು ಇದ್ದವರಿಗೆ ಸಿಕ್ಕಿತು. ತಿಕೋಟಾದ ರೈತನ ದರ ಕಾಬೂಲಿನಲ್ಲಿ ಏರಬಹುದು, ಮುಂದಿನ ವರ್ಷ ಅಲ್ಲೇ ಬೀಳಬಹುದು. ಅದನ್ನು ಅವನು ತಡೆಯಲಾರ. ಅವನ ಕೈಯಲ್ಲಿರುವುದು ಒಂದೇ, ತನ್ನ ಮಾಲು ತನ್ನದೇ ಎಂದು ತೋರಿಸುವ ಪುರಾವೆ. ಅದನ್ನೂ ನಾವು ರಾಶಿಗೆ ಸೇರಿಸಿ ಅಳಿಸಿಬಿಡುತ್ತಿದ್ದೆವು.

ಆ ಘಟನೆಯ ನಂತರ ನಾನು ಮಾಲು ಕೂಡಿಸುವುದನ್ನು ಬಿಟ್ಟೆ. ಸುಲಭ ಇರಲಿಲ್ಲ. ಒಬ್ಬೊಬ್ಬರ ಮಾಲು ಮುಗಿದಾಗಲೂ ಯಂತ್ರ ನಿಲ್ಲಿಸಿ ತೊಳೆಯಬೇಕು. ಜಾಗ ಜಾಸ್ತಿ ಬೇಕು. ಬಣ್ಣ ಒಂದೇ ಬರುವುದಿಲ್ಲ ಎಂದು ಅಡತಿಯವರು ಮುನಿಸಿಕೊಂಡರು. ಈಗ ಪ್ರತಿ ಬಾಕ್ಸ್ ಮೇಲೆ ರೈತನ ನಂಬರ್ ಇರುತ್ತದೆ. ಪ್ರತಿಯೊಬ್ಬರ ಮಾಲಿನಿಂದ ಅರ್ಧ ಕೆಜಿ ಬೇರೆ ತೆಗೆದಿಟ್ಟು ಸೀಲ್ ಮಾಡುತ್ತೇವೆ. ಹಸಿ ದ್ರಾಕ್ಷಿಯ ರಫ್ತಿಗೆ 2006ರಿಂದಲೇ ಗ್ರೇಪ್‌ನೆಟ್ ಅನ್ನುವ ವ್ಯವಸ್ಥೆ ಇದೆ, ಯಾವ ಪಡದ ಹಣ್ಣು ಎಂದು ಹಿಂದಕ್ಕೆ ಹೋಗಿ ಹುಡುಕಬಹುದು. ನಾವು ಅದನ್ನೇ ನಮ್ಮ ಮಟ್ಟಕ್ಕೆ, ಒಂದು ಇನ್ನೂರು ಪುಟದ ನೋಟ್‌ಬುಕ್ಕಿಗೆ ಇಳಿಸಿದೆವು. ಇಲ್ಲಿನ ಪೇಟೆಗೆ ಹೋಗುವ ಮಾಲಿಗೂ ಅದೇ ನೋಟ್‌ಬುಕ್ ಬೇಕು ಎಂದು ಹಟ ಹಿಡಿದವನು ನಾನು. ನನ್ನ ಬೇಸರ ಇರುವುದು ಖರ್ಚಿನ ವಿಷಯದಲ್ಲಿ. ಪರೀಕ್ಷೆಯ ದುಡ್ಡು ಇವತ್ತಿಗೂ ರೈತನ ಲೆಕ್ಕದಲ್ಲೇ ಕಡಿತವಾಗುತ್ತದೆ. ಶುದ್ಧ ಮಾಲು ಬೇಕು ಅನ್ನುವವರು ಅದರ ಖರ್ಚಿನಲ್ಲೂ ಪಾಲು ಕೊಡಬೇಕು ಅಲ್ವಾ?

ಕಾಕಾ ಅವರ ಮನೆಯಲ್ಲಿ ಆ ನೋಟ್‌ಬುಕ್ ಬರೆಯುವುದು ಸೊಸೆ. ಔಷಧದ ಹೆಸರು, ಅಳತೆ, ತಾರೀಖು, ಎಲ್ಲಾ ಚೊಕ್ಕವಾಗಿ. ಅಂಗಡಿಯವನು ಹೊಸ ಬಾಟಲಿ ಕೊಟ್ಟರೆ ಹೊಡೆಯುವ ಮುಂಚೆ ಲೇಬಲ್‌ನ ಫೋಟೋ ನನಗೆ ಕಳಿಸುತ್ತಾಳೆ.

ಹೋದ ವರ್ಷ ಎಳ್ಳ ಅಮಾವಾಸ್ಯೆಗೆ ನನ್ನನ್ನೂ ಕರೆದಿದ್ದರು. ಮುಂಚೆ ಆ ಹೊಲ ಬಿಳಿಜೋಳದ್ದು. ನಮ್ಮ ಡೋಣಿ ಹೊಳೆಯ ಬಗ್ಗೆ 'ಡೋಣಿ ಬೆಳೆದರೆ ಓಣಿಯೆಲ್ಲ ಜೋಳ' ಅನ್ನುವ ಕಾಲದಲ್ಲಿ ಕಾಕಾ ಅಲ್ಲಿ ಬೆಳೆಯ ನಡುವೆ ಚರಗ, ಅಂದರೆ ಭೂಮಿತಾಯಿಗೆ ಎಡೆ, ಚೆಲ್ಲುತ್ತಿದ್ದರಂತೆ. ಈಗ ತಂತಿ ಕಟ್ಟಿದ ದ್ರಾಕ್ಷಿ ಸಾಲುಗಳ ನಡುವೆ ಬಗ್ಗಿ ನಡೆಯುತ್ತಾ ಚೆಲ್ಲಿದರು. ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆ. ಉಂಡು ಕೈ ತೊಳೆದ ಮೇಲೆ ಅಭ್ಯಾಸಬಲದಿಂದ ನೋಟ್‌ಬುಕ್ ತಿರುವಿ ನೋಡಿದೆ. ಆ ದಿನದ ಸಾಲೂ ಖಾಲಿ ಇರಲಿಲ್ಲ. ಅಲ್ಲಿ ಬರೆದಿತ್ತು: "ಎಳ್ಳ ಅಮಾಸಿ. ಔಷಧ ಇಲ್ಲ. ಚರಗ."