ನದಿಯ ನಡುವೆ ಕೂಡದ ಸೇತುವೆ

ಬೇರೆ ಖಂಡದ ಶಾಲೆಯೊಂದರ ಮಕ್ಕಳ ಜೊತೆ ನನ್ನ ತರಗತಿಯವರು ಮೊದಲು ಮಾತನಾಡಿದ್ದು ವಿಡಿಯೊ ಕರೆಯಲ್ಲಿ. ನಿನ್ನ ಹೆಸರೇನು, ಯಾವ ಆಟ ಇಷ್ಟ, ಮನೆಯಲ್ಲಿ ನಾಯಿ ಇದೆಯೇ. ಅಷ್ಟು ಕೇಳಿದ ಮೇಲೆ ಎರಡೂ ಕಡೆಯವರು ಪರದೆಯ ಮೂಲೆಯಲ್ಲಿ ಕಾಣುವ ತಮ್ಮ ತಮ್ಮ ಮುಖವನ್ನೇ ನೋಡುತ್ತಾ ಕುಳಿತರು. ಪರಿಚಯ ಮಾಡಿಕೊಳ್ಳಿ ಎಂದು ಎದುರುಬದುರು ಕೂರಿಸಿದರೆ ದೊಡ್ಡವರಿಗೂ ಮಾತು ಹೊರಡುವುದಿಲ್ಲ, ಮಕ್ಕಳನ್ನು ದೂರುವುದೇಕೆ? ಜಾಗತಿಕ ಕಲಿಕೆ ಎಂಬ ದೊಡ್ಡ ಹೆಸರಿನ ಬಹಳಷ್ಟು ಕಾರ್ಯಕ್ರಮಗಳು ಈ ಹಂತದಲ್ಲೇ ನಿಂತುಬಿಡುತ್ತವೆ.

ಆಮೇಲೆ ಅಲ್ಲಿನ ಶಿಕ್ಷಕಿಯೂ ನಾನೂ, ಬ್ಲಾಕ್ ಎಂಬ ಚೌಕ ಇಟ್ಟಿಗೆಗಳನ್ನು ಜೋಡಿಸಿ ಬೇಕಾದ್ದನ್ನು ಕಟ್ಟುವ ಕಂಪ್ಯೂಟರ್ ಆಟ ಮೈನ್‌ಕ್ರಾಫ್ಟ್‌ನ ಶಿಕ್ಷಣ ಆವೃತ್ತಿಯ ಮೊರೆ ಹೋದೆವು. ನಗರಗಳು ಮತ್ತು ವಸತಿಯ ವಿಷಯ ನೋಡಿಕೊಳ್ಳುವ ವಿಶ್ವಸಂಸ್ಥೆಯ ಹ್ಯಾಬಿಟ್ಯಾಟ್ ಸಂಸ್ಥೆ 2012ರಲ್ಲಿ ‘ಬ್ಲಾಕ್ ಬೈ ಬ್ಲಾಕ್’ ಎಂಬ ಯೋಜನೆಯನ್ನು ಆರಂಭಿಸಿ, ಇದೇ ಆಟದ ಮೂಲಕ ಬಡಾವಣೆಯ ಜನರಿಂದಲೇ ಅವರ ಸಾರ್ವಜನಿಕ ಜಾಗಗಳ ನಕ್ಷೆ ಮಾಡಿಸಿದ್ದು ನಮಗೆ ಗೊತ್ತಿತ್ತು. ಅಕ್ಷರ ಬಾರದವರೂ ನಕ್ಷೆಯನ್ನು ಒಳಹೊಕ್ಕು ನೋಡಬಹುದಾದರೆ, ಇಂಗ್ಲಿಷ್ ಎರಡನೆಯ ಭಾಷೆಯಾಗಿರುವ ನಮ್ಮ ಎರಡು ತರಗತಿಗಳಿಗೆ ಅದು ಆಗದೆ ಇದ್ದೀತೇ ಎಂದುಕೊಂಡೆವು. ಪೋಷಕರ ಒಪ್ಪಿಗೆ, ಖಾತೆಗಳು, ಮಕ್ಕಳ ನಿಜ ಹೆಸರು ಕಾಣದಂತೆ ಅಡ್ಡಹೆಸರು, ಇವೆಲ್ಲ ಬೇಸರ ತರಿಸುವ ಕೆಲಸಗಳು, ಹೇಗೋ ಮುಗಿದವು.

ಆಟದೊಳಗೆ ನಾವು ಸೇರಿ ಕಟ್ಟಬೇಕಿದ್ದ ಜಗತ್ತು ಇಷ್ಟು: ಒಂದು ನದಿ, ಎರಡು ದಡ. ದಡಕ್ಕೊಂದು ಶಾಲೆ, ಶಾಲೆಗೊಂದು ಊರು, ಊರುಗಳ ನಡುವೆ ಒಂದು ಸೇತುವೆ. ನಾವು ತರಗತಿ ನಡೆಸುವಾಗ ಅವರಿಗೆ ನಿದ್ದೆಯ ಹೊತ್ತು. ಜಗತ್ತನ್ನು ತೆರೆದವರ ಕಂಪ್ಯೂಟರ್ ಆಫ್ ಆದರೆ ಜಗತ್ತೂ ಮುಚ್ಚಿಕೊಳ್ಳುತ್ತದೆ. ಹಾಗಾಗಿ ಇಡೀ ಜಗತ್ತನ್ನು ಒಂದು ಕಡತವಾಗಿ ಉಳಿಸಿ, ಸರದಿಯಂತೆ ಅವರಿಗೆ ಕಳುಹಿಸುತ್ತಿದ್ದೆವು, ಅವರು ನಮಗೆ ಕಳುಹಿಸುತ್ತಿದ್ದರು. ಬೆಳಗ್ಗೆ ಕಡತ ತೆರೆದರೆ ಆಚೆ ದಡದಲ್ಲಿ ಒಂದು ಗಾಳಿಯಂತ್ರ ಎದ್ದಿರುತ್ತಿತ್ತು, ಅದರ ಪಕ್ಕದ ಫಲಕದಲ್ಲಿ ‘ಇದನ್ನು ಮುಟ್ಟಬೇಡಿ’ ಎಂಬ ಆಜ್ಞೆ.

ಸೇತುವೆಯನ್ನು ಕೂಡಿಸುವ ದಿನ ಮಾತ್ರ ಎಲ್ಲರೂ ಒಟ್ಟಿಗೆ ಒಳಗಿರಬೇಕು ಎಂದು ಹಠ ಹಿಡಿದೆವು. ನಾವು ಶಾಲೆ ಮುಗಿದ ಮೇಲೂ ಉಳಿದೆವು, ಅವರು ಬೇಗ ಬಂದರು. ಒಳಗೆ ಬರಲು ನಾಲ್ಕು ಚಿತ್ರಗಳ ಸಂಕೇತವನ್ನು ಒತ್ತಬೇಕು. ಅದನ್ನು ಎರಡೂ ಕಡೆ ಕೂಗಿ ಹೇಳುವುದರಲ್ಲೇ ಮಕ್ಕಳಿಗೆ ಅರ್ಧ ಖುಷಿ. ಈ ಆಟದಲ್ಲಿ ಹಗಲು ರಾತ್ರಿ ಸೇರಿ ಇಪ್ಪತ್ತೇ ನಿಮಿಷ. ‘ಸದಾ ಹಗಲು’ ಎಂಬ ಆಯ್ಕೆ ಇಲ್ಲದಿದ್ದರೆ ಅವತ್ತಿನ ಅವಧಿಯೆಲ್ಲ ಕತ್ತಲಾಯಿತೆಂಬ ಗಲಾಟೆಯಲ್ಲೇ ಹೋಗುತ್ತಿತ್ತು.

ಎರಡೂ ಅರ್ಧಗಳು ನಡುನೀರಿನಲ್ಲಿ ಎದುರಾದವು. ನಮ್ಮದು ಎರಡು ಬ್ಲಾಕ್ ಎತ್ತರದಲ್ಲಿ ನಿಂತಿತ್ತು.

ಒಂದು ಕ್ಷಣ ಎರಡೂ ಕಡೆ ಸದ್ದಿಲ್ಲ. ಮರುಕ್ಷಣವೇ, ವಿಡಿಯೊ ಕರೆಯಲ್ಲಿ ಬಾಯಿ ಬಿಡದಿದ್ದ ಮಕ್ಕಳು ಚಾಟ್ ಕಿಟಕಿ ತುಂಬಿ ಹರಿಯುವಷ್ಟು ಬರೆಯತೊಡಗಿದರು. ತಪ್ಪು ನಿಮ್ಮದು. ಇಲ್ಲ, ನಿಮ್ಮದು. ನಾವು ಹತ್ತು ಬ್ಲಾಕ್ ಎತ್ತರ ಎಂದೇ ಒಪ್ಪಿದ್ದೆವು. ನಾವೂ ಹತ್ತೇ ಎಣಿಸಿದ್ದೇವೆ! ಎರಡೂ ನಿಜ. ಹತ್ತು ಬ್ಲಾಕ್, ಆದರೆ ಎಲ್ಲಿಂದ? ಅವರು ಅವರ ನೆಲದಿಂದ ಎಣಿಸಿದ್ದರು, ನಾವು ನಮ್ಮ ನೆಲದಿಂದ. ನಮ್ಮ ದಡ ಎತ್ತರದಲ್ಲಿತ್ತು. ಅದನ್ನು ಮೊದಲು ಕಂಡುಹಿಡಿದವಳು ಆಚೆ ದಡದ ಒಬ್ಬ ಹುಡುಗಿ. ಪರದೆಯ ಮೇಲೆ ಕಾಣುವ ನಿರ್ದೇಶಾಂಕಗಳಲ್ಲಿ, ಅಂದರೆ ನಿಂತ ಜಾಗವನ್ನು ತಿಳಿಸುವ ಮೂರು ಸಂಖ್ಯೆಗಳಲ್ಲಿ, ಎತ್ತರ ಹೇಳುವ ನಡುವಿನ ಸಂಖ್ಯೆಯನ್ನು ಎರಡೂ ತುದಿಗಳಲ್ಲಿ ನಿಂತು ಓದಿ ಹೇಳಿದಳು.

ಜರ್ಮನಿ ಮತ್ತು ಸ್ವಿಟ್ಜರ್ಲೆಂಡಿನ ಇಂಜಿನಿಯರುಗಳಿಗೂ ಹೀಗೇ ಆಗಿತ್ತು ಎಂದು ಮಕ್ಕಳಿಗೆ ಹೇಳಲು ಇದಕ್ಕಿಂತ ಒಳ್ಳೆಯ ಸಮಯ ಸಿಗುತ್ತಿರಲಿಲ್ಲ. ರೈನ್ ನದಿಯ ಮೇಲೆ ಲಾಫೆನ್‌ಬರ್ಗ್‌ನಲ್ಲಿ ಸೇತುವೆ ಕಟ್ಟುವಾಗ, 2003ರಲ್ಲಿ, ಎರಡು ಬದಿಗಳ ನಡುವೆ 54 ಸೆಂಟಿಮೀಟರ್ ವ್ಯತ್ಯಾಸ ಕಂಡುಬಂತು. ಜರ್ಮನಿ ಎತ್ತರ ಅಳೆಯುವುದು ಉತ್ತರ ಸಮುದ್ರದ ಮಟ್ಟದಿಂದ, ಸ್ವಿಟ್ಜರ್ಲೆಂಡ್ ಮೆಡಿಟರೇನಿಯನ್ ಸಮುದ್ರದ ಮಟ್ಟದಿಂದ. ಇವುಗಳ ನಡುವಿನ 27 ಸೆಂಟಿಮೀಟರ್ ಅಂತರ ಅವರಿಗೆ ಮೊದಲೇ ಗೊತ್ತಿತ್ತು. ಆದರೆ ಲೆಕ್ಕದಲ್ಲಿ ಕೂಡಿಸುವುದು ಕಳೆಯುವುದು ತಿರುವುಮುರುವಾಗಿ ಅದು ಇಮ್ಮಡಿಯಾಯಿತು. ಮಕ್ಕಳಿಗೆ ಇದು ಎಷ್ಟು ಸಂತೋಷ ಕೊಟ್ಟಿತೆಂದರೆ ಜಗಳವನ್ನು ಕೆಲಹೊತ್ತು ಮರೆತೇಬಿಟ್ಟರು.

ಪರಿಹಾರದ ಪ್ರಶ್ನೆ ಬಂದಾಗ ಜಗಳ ಮತ್ತೆ ಹತ್ತಿಕೊಂಡಿತು. ನಮ್ಮವರು ಮೆಟ್ಟಿಲು ಹಾಕೋಣ ಎಂದರು. ಗಾಲಿಕುರ್ಚಿಯವರು ಹೇಗೆ ದಾಟುವುದು ಎಂದು ಅವರು ಕೇಳಿದರು. ಹಳಿ ಹಾಕಿ ಬಂಡಿ ಓಡಿಸಿದರೆ ಆಯಿತಲ್ಲ ಎಂದು ನಮ್ಮ ಹುಡುಗನೊಬ್ಬ ಹೇಳಿದ. ಬಂಡಿ ಹತ್ತಿಸುವವರು ಯಾರು, ಕೆಟ್ಟರೆ ರಿಪೇರಿ ಯಾರದು? ಶಿಕ್ಷಕಿಯೂ ನಾನೂ ಬಾಯಿ ಮುಚ್ಚಿಕೊಂಡು ಕುಳಿತಿದ್ದೆವು. ಅದೇನೂ ಸುಲಭದ ಕೆಲಸವಲ್ಲ. ಒಮ್ಮತ ಮೂಡುವ ಮೊದಲೇ ಅವರ ಮೊದಲ ಪಾಠದ ಗಂಟೆ ಬಾರಿಸಿತು.

ಮುಂದಿನ ಸರದಿಯಲ್ಲಿ ಕಡತ ಬಂದಾಗ ಸೇತುವೆ ಕೂಡಿತ್ತು. ಅರ್ಧ ಎತ್ತರದ ಬ್ಲಾಕ್‌ಗಳಿಂದ ಮಾಡಿದ ಉದ್ದನೆಯ ಇಳಿಜಾರು. ಆದರೆ ಅದಕ್ಕೆ ಜಾಗ ಬೇಕೆಂದು ನಮ್ಮ ಕಡೆಯ ಕಂಬಗಳಲ್ಲಿ ಕೆಲವನ್ನು ಕೇಳದೆ ಕೆಡವಿದ್ದರು. ನನ್ನ ಮಕ್ಕಳಿಗೆ ಸಿಟ್ಟು ನೆತ್ತಿಗೇರಿತು. ತರಗತಿಯಲ್ಲಿ ಎರಡು ಸಾಲು ಇಂಗ್ಲಿಷ್ ಬರೆಯಲು ತಿಣುಕುವವರು ಸೇರಿಕೊಂಡು ಫಲಕದ ಮೇಲೆ ಫಲಕ ತುಂಬುವಷ್ಟು ದೀರ್ಘ ದೂರು ಬರೆದರು. ಇಳಿಜಾರು ಚೆನ್ನಾಗಿದೆ ಎಂದು ಅದರಲ್ಲಿ ಸೇರಿಸಬೇಕೇ ಬೇಡವೇ ಎಂಬುದಕ್ಕೆ ಕೈ ಎತ್ತಿ ಮತ ಹಾಕಿದರು. ಸೇರಿಸಬೇಕು ಎಂದವರು ಗೆದ್ದರು, ಆದರೆ ಆ ಸಾಲು ಕೊನೆಯ ಫಲಕದಲ್ಲಿರಬೇಕು ಎಂಬ ಷರತ್ತಿನ ಮೇಲೆ.