ಮ್ಯಾಡಿಸನ್‌ನಲ್ಲಿ ಮನೆ ಬಾಗಿಲಿಗೇ ಹೋಗೋ ಟೀಮು

ನಾನಿರೋದು ಅಮೆರಿಕದ ವಿಸ್ಕಾನ್ಸಿನ್‌ನ ಮ್ಯಾಡಿಸನ್‌ನಲ್ಲಿ, ಕೆಲಸ ಸ್ಕಿಜೋಫ್ರೇನಿಯಾ, ಬೈಪೋಲಾರ್ ಥರ ಜೋರಾದ ಮಾನಸಿಕ ಕಾಯಿಲೆ ಇರೋರ ಕೇಸ್ ಮ್ಯಾನೇಜ್‌ಮೆಂಟು, ಅಂದ್ರೆ ಮಾತ್ರೆಯಿಂದ ಬಾಡಿಗೆವರೆಗೆ ಅವರ ಜೊತೆಗಿದ್ದು ನೋಡ್ಕೊಳ್ಳೋದು. ಆಫೀಸಲ್ಲಿ ಕೂರೋದು ಕಮ್ಮಿ, ನಾವೇ ಅವರ ಮನೆಗಳಿಗೆ ಹೋಗ್ತೀವಿ. ಈ ಪದ್ಧತಿ ಹುಟ್ಟಿದ್ದೂ ಇದೇ ಊರಲ್ಲಿ. 1970ರ ದಶಕದ ಶುರುವಲ್ಲಿ ಇಲ್ಲಿನ ಮೆಂಡೋಟಾ ಸರ್ಕಾರಿ ಆಸ್ಪತ್ರೆಯ ಲಿಯೊನಾರ್ಡ್ ಸ್ಟೈನ್, ಮೇರಿ ಆನ್ ಟೆಸ್ಟ್, ಆರ್ನಾಲ್ಡ್ ಮಾರ್ಕ್ಸ್ ನೋಡಿದ್ದೇನಂದ್ರೆ ವಾರ್ಡಲ್ಲಿ ಸುಧಾರಿಸಿ ಮನೆಗೆ ಹೋದೋರು ಮತ್ತೆ ಮತ್ತೆ ವಾಪಸ್ ಬಂದು ಅಡ್ಮಿಟ್ ಆಗ್ತಿದ್ರು, ಹಾಗಾಗಿ ವಾರ್ಡಿನ ಸಿಬ್ಬಂದೀನೇ ಊರೊಳಗೆ ಕಳಿಸಿಬಿಟ್ರು.

ಹತ್ತು ಜನಕ್ಕೆ ಒಬ್ಬರಂತೆ ಸಿಬ್ಬಂದಿ, ನರ್ಸು, ಸೈಕಿಯಾಟ್ರಿಸ್ಟು, ಸೋಶಿಯಲ್ ವರ್ಕರು ಎಲ್ಲ ಒಂದೇ ಟೀಮು. ಬೆಳಗಿನ ಮೀಟಿಂಗ್‌ನಲ್ಲಿ ಪ್ರತಿಯೊಬ್ಬರ ಹೆಸರೂ ಬರುತ್ತೆ, ಯಾರಿಗೆ ಇಂಜೆಕ್ಷನ್ನು, ಯಾರ ಬಾಡಿಗೆ ಬಾಕಿ, ಯಾರು ಎರಡು ದಿನದಿಂದ ಫೋನ್ ತೆಗೀತಿಲ್ಲ.

ಮೊನ್ನೆ ಒಬ್ಬರು ಬಾಗಿಲು ತೆಗೀಲಿಲ್ಲ, ಒಳಗಿಂದಲೇ ಇವತ್ತು ಬೇಡ ಹೋಗಿ ಅಂದ್ರು. ನಾನು ಮಾತ್ರೆ ಸುದ್ದಿ ಎತ್ತಲಿಲ್ಲ, ಬಟ್ಟೆ ಒಗೆಯೋಕೆ ಹೋಗೋಣ್ವಾ ಅಂದೆ, ಸ್ವಲ್ಪ ಹೊತ್ತಿಗೆ ಒಂದು ಚೀಲ ಹಿಡ್ಕೊಂಡು ಆಚೆ ಬಂದ್ರು. ಲಾಂಡ್ರಿಲಿ ಡ್ರೈಯರ್ ತಿರುಗ್ತಿರೋವಾಗ ತಾವಾಗೇ ಹೇಳಿದ್ರು, ಕೈ ನಡುಗುತ್ತೆ, ಕಾಫಿ ಚೆಲ್ಲುತ್ತೆ, ಅದಕ್ಕೇ ಮಾತ್ರೆ ಬಿಟ್ಟಿದೀನಿ ಅಂತ. ಅಲ್ಲಿಂದಲೇ ನಮ್ಮ ನರ್ಸ್‌ಗೆ ಫೋನ್ ಮಾಡಿದೆ, ಡಾಕ್ಟ್ರು ಆ ವಾರವೇ ಡೋಸ್ ಬದಲಾಯಿಸಿದ್ರು. ಕ್ಲಿನಿಕ್‌ನಲ್ಲಿ ಹತ್ತು ನಿಮಿಷ ಕೂರಿಸಿ ಕೇಳಿದ್ರೆ ಇದೇ ಮನುಷ್ಯ ತಗೋತಿದೀನಿ ಅಂತಲೇ ಹೇಳಿರೋರು. ಮನೆಗೆ ಹೋಗೋದು ಬರೀ ಯೋಗಕ್ಷೇಮ ವಿಚಾರಿಸೋಕಲ್ಲ, ಚಿಕಿತ್ಸೆ ನಡೆಯೋದೇ ಅಲ್ಲಿ ಅಂತ ನನಗೆ ಖಾತ್ರಿಯಾಗಿದೆ.

ಆಗೆಲ್ಲ ಸಾಗರದ ನಮ್ಮ ದೊಡ್ಡಮ್ಮ ನೆನಪಾಗ್ತಾರೆ. ಮಗನಿಗೆ ಮಾತ್ರೆ ಕೊಡೋದು, ಬಸ್ಸಲ್ಲಿ ಶಿವಮೊಗ್ಗಕ್ಕೆ ಕರ್ಕೊಂಡು ಹೋಗೋದು, ಕಟಿಂಗ್ ಮಾಡಿಸೋದು, ಅವನು ಅಂಗಡಿಲಿ ಮಾಡಿದ ಸಾಲ ತೀರ್ಸೋದು, ರಾತ್ರಿ ಅವನು ಮಲಗದಿದ್ರೆ ತಾನೂ ಎದ್ದಿರೋದು, ಇಲ್ಲಿ ಒಂದಿಡೀ ಟೀಮ್ ಸಂಬಳ ತಗೊಂಡು ಮಾಡೋದನ್ನ ಅವರೊಬ್ಬರೇ ಮಾಡ್ತಿದಾರೆ. ಅವರಿಗೆ ಜ್ವರ ಬಂದ ದಿನ ಆ ಮನೇಲಿ ಯಾರಿದಾರೆ?

ನಮ್ಮಲ್ಲಿ ಏನೂ ಆಗಿಲ್ಲ ಅಂತಲ್ಲ. 1985ರಲ್ಲೇ ನಿಮ್ಹಾನ್ಸ್‌ನೋರು ಬಳ್ಳಾರಿ ಜಿಲ್ಲೇಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮೂಲಕ ಮಾನಸಿಕ ಚಿಕಿತ್ಸೆ ಶುರು ಮಾಡಿ, ಮುಂದೆ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ ಆಯ್ತು. ಸಾಗರ ಇರೋ ಶಿವಮೊಗ್ಗ ಜಿಲ್ಲೆಯದೇ ತೀರ್ಥಹಳ್ಳಿ ತಾಲ್ಲೂಕಲ್ಲೂ ಹಳ್ಳಿಗಳಲ್ಲಿರೋ ಸ್ಕಿಜೋಫ್ರೇನಿಯಾ ರೋಗಿಗಳನ್ನ ಹುಡುಕಿ, ಬಿಡದೆ ಫಾಲೋಅಪ್ ಮಾಡಿದಾರೆ. ಅದು ಎಲ್ಲ ತಾಲ್ಲೂಕಿಗೂ ಬರಬೇಕು.

ಸದ್ಯಕ್ಕೆ ದೊಡ್ಡಮ್ಮನ ಕ್ಯಾಲೆಂಡರ್ ಮೇಲೆ 14416 ಅಂತ ಬರೆಸಿದೀನಿ, ಟೆಲಿ ಮಾನಸ್ ಅನ್ನೋ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡು ಕೊಡೋದೇನಿಲ್ಲ, ರಾತ್ರಿನೂ ಇರ್ತಾರೆ. ಅಲ್ಲಿನ ಆಶಾ ಕಾರ್ಯಕರ್ತೆಗೂ ಫೋನ್ ಮಾಡಿ, ಆ ಕಡೆ ಬಂದಾಗ ಅಣ್ಣನ್ನ ಒಂದ್ಸಲ ಮಾತಾಡ್ಸಿ ಹೋಗಕ್ಕಾ ಅಂತ ಕೇಳ್ಕೊಂಡೆ, ಒಪ್ಕೊಂಡಿದಾರೆ. ನಿಮ್ಮ ಬೀದೀಲೂ ಇಂಥ ಮನೆ ಇದ್ರೆ ಕೇಳಿ ನೋಡಿ.