ನಮ್ಮೂರ ವೀರಗಲ್ಲುಗಳು: ಕೆರೆ ಏರಿಯ ಕಲ್ಲು ಎದ್ದು ನಿಂತಿತು

ಕೆರೆ ಏರಿಯ ಕೆಳಗೆ ಮಕಾಡೆ ಬಿದ್ದಿದ್ದ ಕಲ್ಲು ಈಗ ನಿಂತಿದೆ. ಹಿಂದಿನ ಸಲ ಬರೆದಾಗ ಅದರ ಬೆನ್ನು ಮಾತ್ರ ಕಾಣುತ್ತಿತ್ತು. ಬಟ್ಟೆ ಒಗೆಯುವ ಕಲ್ಲು ಅಂತಲೇ ಊರಲ್ಲಿ ಎಲ್ಲರೂ ತಿಳಿದಿದ್ದರು. ಒಂದು ಅಂಚಿನಲ್ಲಿ ಚಂದ್ರನ ತುದಿ ಕಂಡಿದ್ದಕ್ಕೆ ನನಗೆ ಅನುಮಾನ ಬಂದಿತ್ತು. ಹೋರಾಡಿ ಸತ್ತವರ ನೆನಪಿಗೆ ನಿಲ್ಲಿಸುವ ವೀರಗಲ್ಲಿನ ತಲೆಯ ಮೇಲೆ ಸೂರ್ಯ ಚಂದ್ರ ಇರುತ್ತಾರೆ. ಅವರಿರುವವರೆಗೆ ಈ ಹೆಸರೂ ಇರಲಿ ಅಂತ.

ಎತ್ತುವ ಮೊದಲು ನಮ್ಮ ತಂಡದವರು ಪಂಚಾಯ್ತಿಗೆ ಒಂದು ಅರ್ಜಿ ಕೊಟ್ಟೆವು. ಕಲ್ಲಿನ ಕೆಳಗೆ ನಿಧಿ ಇದೆ ಅಂತ ಅಗೆದು ಒಡೆದ ವೀರಗಲ್ಲುಗಳು ನಮ್ಮ ನಾಡಿನಲ್ಲಿ ಬೇಕಾದಷ್ಟಿವೆ. ಹಾಗಾಗಿ ಏನು ಮಾಡಿದರೂ ಹಗಲಲ್ಲಿ, ಊರವರ ಎದುರಿಗೇ ಮಾಡಬೇಕು ಅಂತ ತೀರ್ಮಾನಿಸಿದ್ದೆವು. ಜೆಸಿಬಿ ಕರೆಸಿದರೆ ಹತ್ತು ನಿಮಿಷದ ಕೆಲಸ ಅಂದರು ಹುಡುಗರು. ಅದರ ಹಲ್ಲು ತಾಗಿದರೆ ಕೆತ್ತನೆ ಸಿಡಿದು ಹೋಗುತ್ತದೆ, ಬೇಡ ಅಂದೆ. ಹಾರೆ, ಮರದ ತೊಲೆ, ಹಗ್ಗ, ಮಧ್ಯೆ ಗೋಣಿಚೀಲ. ಊರಿನ ಕಲ್ಲುಕುಟಿಗರೊಬ್ಬರು ಪಕ್ಕದಲ್ಲಿ ನಿಂತು ಎಲ್ಲಿ ಮೀಟಬೇಕು, ಎಲ್ಲಿ ಮೀಟಬಾರದು ಅಂತ ಹೇಳುತ್ತಾ ಹೋದರು. ಅವರಿಲ್ಲದಿದ್ದರೆ ಈ ಕೆಲಸ ಆಗುತ್ತಿರಲಿಲ್ಲ.

ಮಣ್ಣು ತೊಳೆದಾಗ ಎಲ್ಲರೂ ಸುಮ್ಮನಾದೆವು. ಮುಖ ಕೆಳಗಾಗಿ ಬಿದ್ದಿದ್ದೇ ಒಳ್ಳೆಯದಾಗಿದೆ. ಮಳೆ, ಬಿಸಿಲು, ಎಣ್ಣೆ, ಸುಣ್ಣ ಯಾವುದೂ ತಾಗಿಲ್ಲ. ಮೂರು ಅಂಕಣದ ಕಲ್ಲು, ಅಂದರೆ ಒಂದರ ಮೇಲೊಂದು ಮೂರು ಕೆತ್ತನೆಯ ಚೌಕಟ್ಟು. ಇವನ್ನು ಕೆಳಗಿನಿಂದ ಮೇಲಕ್ಕೆ ನೋಡಬೇಕು. ಕೆಳಗಿನ ಅಂಕಣದಲ್ಲಿ ಕಾಳಗ. ವೀರ ಬಿಲ್ಲು ಎಳೆದು ನಿಂತಿದ್ದಾನೆ, ಎದುರಿಗೆ ಇಬ್ಬರು, ಅವನ ಬೆನ್ನ ಹಿಂದೆ ದನಗಳ ಸಾಲು. ನಡುವಿನ ಅಂಕಣದಲ್ಲಿ ಇಬ್ಬರು ಅಪ್ಸರೆಯರು ಅವನನ್ನು ಎತ್ತಿಕೊಂಡು ಹೊರಟಿದ್ದಾರೆ. ಮೇಲಿನದರಲ್ಲಿ ಶಿವಲಿಂಗ, ನಂದಿ, ಒಬ್ಬ ಪೂಜಾರಿ, ಕೈಮುಗಿದು ಕೂತ ಅದೇ ವೀರ. ದನಗಳಲ್ಲಿ ಒಂದು ತಲೆ ತಿರುಗಿಸಿ ಅವನನ್ನೇ ನೋಡುತ್ತಿದೆ. ಅದನ್ನು ಕೆತ್ತಿದ ಆ ಕೈಗೆ ನಾನು ದೊಡ್ಡ ನಮಸ್ಕಾರ ಹೇಳುತ್ತೇನೆ.

ಸೈನ್ಯದಿಂದ ನಿವೃತ್ತರಾದ ಹಿರಿಯರೊಬ್ಬರು ನಮ್ಮೂರಲ್ಲಿದ್ದಾರೆ. ಎಲ್ಲರಿಗೂ ಅವರು ಮಿಲ್ಟ್ರಿ ತಾತ. ಅವರು ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು ತುಂಬಾ ಹೊತ್ತು ನೋಡಿದರು. ಆಮೇಲೆ, "ಬಾಣ ಎದೆಗೆ ಬಿದ್ದದೆ ಕಣಪ್ಪ. ಓಡಿಲ್ಲ ಇವನು" ಅಂದರು. ನಾನು ಆ ಬಾಣವನ್ನು ಅಷ್ಟು ಗಮನಿಸಿಯೇ ಇರಲಿಲ್ಲ. ಅಂದಿನಿಂದ ಅವರೂ ನಮ್ಮ ತಂಡದಲ್ಲಿ ಒಬ್ಬರು. ಊರಿನಲ್ಲಿ ಸೈನ್ಯ ಸೇರಿದವರ ಹೆಸರುಗಳನ್ನೂ ಒಂದು ಪುಸ್ತಕದಲ್ಲಿ ಬರೆದಿಡೋಣ ಅಂತ ಅವರೇ ಶುರು ಮಾಡಿದ್ದಾರೆ.

ಈಗ ಅಕ್ಷರದ ವಿಷಯ. ಅಂಕಣಗಳ ನಡುವಿನ ಪಟ್ಟಿಯಲ್ಲಿ ಎರಡು ಸಾಲು ಬರಹ ಇದೆ. ಎಷ್ಟೋ ವೀರಗಲ್ಲುಗಳಲ್ಲಿ ಒಂದಕ್ಷರವೂ ಇರುವುದಿಲ್ಲ, ಹಾಗಾಗಿ ಇದು ನಮ್ಮ ಅದೃಷ್ಟ. ಪಡಿಯಚ್ಚು, ಅಂದರೆ ಕಲ್ಲಿನ ಅಕ್ಷರವನ್ನು ಕಾಗದಕ್ಕೆ ಇಳಿಸುವುದನ್ನು, ತಿಳಿದವರ ಹತ್ತಿರ ಕಲಿತೆ. ತೆಂಗಿನ ನಾರಿನ ಮೆತ್ತನೆ ಬ್ರಷ್‌ನಿಂದ ತೊಳೆಯಬೇಕು, ತಂತಿ ಬ್ರಷ್ ಬೇಡವೇ ಬೇಡ. ಒದ್ದೆ ಕಾಗದವನ್ನು ಕಲ್ಲಿಗೆ ಅಂಟಿಸಿ, ಅದು ಅಕ್ಷರದ ಗುಳಿಯೊಳಗೆ ಇಳಿಯುವ ಹಾಗೆ ಬ್ರಷ್‌ನಿಂದ ಬಡಿಯಬೇಕು. ಅರ್ಧ ಒಣಗಿದ ಮೇಲೆ ಮಸಿಯ ಉಂಡೆಯಿಂದ ಹಗುರವಾಗಿ ಒತ್ತುತ್ತಾ ಹೋದರೆ ಕಪ್ಪು ಕಾಗದದ ಮೇಲೆ ಅಕ್ಷರ ಬೆಳ್ಳಗೆ ಏಳುತ್ತದೆ. ಕಾಗದ ಇಲ್ಲದಿದ್ದರೂ ಒಂದು ಉಪಾಯ ಇದೆ. ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಪಕ್ಕದಿಂದ ಅಡ್ಡಕ್ಕೆ ಹಿಡಿಯಿರಿ. ಹಗಲಲ್ಲಿ ಕಾಣದ ಗೆರೆಯೆಲ್ಲ ನೆರಳಾಗಿ ಕಾಣುತ್ತದೆ. ಮೊಬೈಲಿನಲ್ಲಿ ಸುತ್ತಲೂ ಫೋಟೋ ತೆಗೆದು ಮೂರು ಆಯಾಮದ ಮಾದರಿಯನ್ನೂ ಮಾಡಿಟ್ಟಿದ್ದೇವೆ. ಇತಿಹಾಸದ ಅಧ್ಯಯನ ಮಾಡುವ ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಆ ಸುತ್ತಿನ ಶಾಸನಗಳನ್ನು ಸ್ಕ್ಯಾನ್ ಮಾಡುತ್ತಿರುವುದನ್ನು ನೋಡಿಯೇ ನಮಗೆ ಆ ಯೋಚನೆ ಬಂದಿದ್ದು.

ಓದಲು ಸಿಕ್ಕಿದ್ದು ಇಷ್ಟು: "ತುಱುವಂ ಮಗುೞ್ಚಿ ಸತ್ತಂ". ದನಗಳನ್ನು ಹಿಂದಕ್ಕೆ ತಂದು ಸತ್ತನು. ಹೆಸರು ಇದ್ದ ಜಾಗದಲ್ಲೇ ಕಲ್ಲಿನ ಚೆಕ್ಕೆ ಎದ್ದಿದೆ. ಮನಸ್ಸಿಗೆ ತುಂಬಾ ನೋವಾಯಿತು. ತುಮಕೂರು ಜಿಲ್ಲೆಯ ಶಾಸನಗಳಿರುವ ಎಪಿಗ್ರಾಫಿಯಾ ಕರ್ನಾಟಿಕಾದ 12ನೇ ಸಂಪುಟದಲ್ಲಿ ನಮ್ಮ ಕುಣಿಗಲ್ ತಾಲ್ಲೂಕಿನ ಭಾಗವನ್ನು ಪೂರ್ತಿ ನೋಡಿದೆ. ನಾಡಿನ ಶಾಸನಗಳನ್ನು ಹುಡುಕಿ ಸಂಗ್ರಹಿಸಿದ ಬಿ. ಎಲ್. ರೈಸ್ ಅದನ್ನು 1904ರಲ್ಲಿ ತಂದರು. ನಮ್ಮ ಕಲ್ಲು ಅದರಲ್ಲಿಲ್ಲ. ಮಕಾಡೆ ಬಿದ್ದ ಕಲ್ಲು ಅವರ ಕಣ್ಣಿಗಾದರೂ ಹೇಗೆ ಬಿದ್ದೀತು?

ಹೆಸರಿಲ್ಲದ ಮೇಲೆ ಏನು ಪ್ರಯೋಜನ ಅಂತ ಒಬ್ಬರು ಕೇಳಿದರು. ಯಾಕೆ ಸತ್ತ ಅನ್ನುವುದು ಗೊತ್ತಾಗಿದೆಯಲ್ಲ! ಆ ಕಾಲದಲ್ಲಿ ಊರಿನ ಆಸ್ತಿ ಅಂದರೆ ದನ. ಪಕ್ಕದ ಸೀಮೆಯವರು ನುಗ್ಗಿ ಮಂದೆಯನ್ನೇ ಹೊಡೆದುಕೊಂಡು ಹೋಗುತ್ತಿದ್ದರು. ತಡೆಯಲು ಹೋದವನು ದೊಡ್ಡ ದಂಡನಾಯಕನೇ ಆಗಿರಬೇಕಿಲ್ಲ. ಊರವನೇ ಒಬ್ಬ ಬಿಲ್ಲು ಹಿಡಿದು ಹೋಗಿರುತ್ತಾನೆ. ಹೆಂಗಸರ ಮಾನ ಕಾಯಲು ಹೋರಾಡಿ ಸತ್ತವರಿಗೂ, ಊರಿನ ಮೇಲೆ ದಾಳಿಯಾದಾಗ ಸತ್ತವರಿಗೂ ಇದೇ ಥರ ಕಲ್ಲು ನಿಲ್ಲಿಸಿದ್ದಾರೆ. ಸತ್ತವನ ಮನೆಯವರಿಗೆ ಭೂಮಿ ಬಿಟ್ಟುಕೊಡುತ್ತಿದ್ದರು. ನೆತ್ತರುಗೊಡಗೆ, ಬಾಳ್ಗಳ್ಚು ಅಂತೆಲ್ಲ ಶಾಸನಗಳಲ್ಲಿ ಬರುವುದು ಆ ಭೂಮಿಯೇ. ಬರೀ ಕಲ್ಲು ನೆಟ್ಟು ಕೈತೊಳೆದುಕೊಳ್ಳಲಿಲ್ಲ, ಅವನ ಮಕ್ಕಳ ಊಟಕ್ಕೂ ದಾರಿ ಮಾಡಿದರು. ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇದು.

ಹೆಸರು ಉಳಿದ ಕಡೆ ಎಂಥ ವಿಷಯಗಳು ಸಿಗುತ್ತವೆ ನೋಡಿ. ಬೆಂಗಳೂರಿನ ಬೇಗೂರಿನಲ್ಲಿ, ನಾಗೇಶ್ವರ ದೇವಸ್ಥಾನದಲ್ಲಿರುವ ಸುಮಾರು 890ರ ಶಾಸನ, ಬುಟ್ಟಣಸೆಟ್ಟಿ 'ಬೆಂಗುಳೂರ' ಕಾಳಗದಲ್ಲಿ ಸತ್ತ ಅನ್ನುತ್ತದೆ. ಬೆಂಗಳೂರು ಅನ್ನುವ ಹೆಸರು ಅಷ್ಟು ಹಳೆಯದು ಅಂತ ನಮಗೆ ತಿಳಿದಿದ್ದೇ ಅದರಿಂದ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ, 10ನೇ ಶತಮಾನದ ನಡುವಿನಲ್ಲಿ, ಹಂದಿಯ ಜೊತೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಗೇ ಕಲ್ಲು ನಿಲ್ಲಿಸಿದ್ದಾರೆ. ಈಗ ಅದು ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಲ್ಲಿದೆ. ಬೆಂಗಳೂರಿನ ಹೆಬ್ಬಾಳದಲ್ಲಿ 2018ರಲ್ಲಿ ಸಿಕ್ಕ ಕಿತ್ತಯ್ಯನ ಕಲ್ಲು ಗಂಗರ ದೊರೆ ಶ್ರೀಪುರುಷನ ಕಾಲದ್ದು, ಸುಮಾರು 750ರದ್ದು. ಅದಕ್ಕೆ ಅಲ್ಲೇ, ಆ ಬಡಾವಣೆಯಲ್ಲೇ ಮಂಟಪ ಕಟ್ಟಿದರು. ನಮ್ಮ ಕೆಲಸಕ್ಕೆ ಅದೇ ದಾರಿ ಅಂತ ನಾನು ನಂಬಿದ್ದೇನೆ. ಕಲ್ಲನ್ನು ಮ್ಯೂಸಿಯಂಗೆ ಸಾಗಿಸಿದರೆ ಕಲ್ಲು ಉಳಿಯುತ್ತದೆ, ನಿಜ. ಆದರೆ ಅವನು ಕಾಪಾಡಿದ ಊರಿನ ಮಕ್ಕಳಿಗೆ ಅದು ಕಾಣುವುದೇ ಇಲ್ಲ ಅಲ್ವಾ?

ಊರ ಮುಂದಿನ ಹುಣಸೆಮರದ ಕೆಳಗೆ ನಮ್ಮೂರಿನ ಎರಡನೇ ವೀರಗಲ್ಲಿದೆ, ಅದರ ಕೆಲಸ ನಿಧಾನ. ಅದಕ್ಕೆ ಈಗಲೂ ಪೂಜೆ ಇದೆ. ವೀರಗಾರ ಅಂತ ಕರೆದು, ಹಬ್ಬದಲ್ಲಿ ಎಡೆ ಇಡುತ್ತಾರೆ. ತಲೆಮಾರುಗಳಿಂದ ಸುರಿದ ಎಣ್ಣೆ, ಕುಂಕುಮ ಸೇರಿ ಕೆತ್ತನೆ ಮುಚ್ಚಿಹೋಗಿದೆ. ಪೂಜೆ ಮಾಡುವ ಅಜ್ಜಿಯ ಹತ್ತಿರ ಹೋಗಿ ಮಾತಾಡಿದೆ. ಸೋಪು, ಆಸಿಡ್ ಏನೂ ಹಾಕಲ್ಲ ಅಂತ ಮಾತು ಕೊಟ್ಟೆ. "ನೀನು ಅವನ ಮುಖ ತೋರ್ಸು, ಎಣ್ಣೆ ನಾನು ದೀಪಕ್ಕೆ ಹಾಕ್ತೀನಿ" ಅಂದರು ಅಜ್ಜಿ. ಬಿಸಿನೀರು, ಬಟ್ಟೆ, ತಾಳ್ಮೆ. ಕೆಳಗಿನ ಅಂಕಣದಲ್ಲಿ ಒಂದು ಕುದುರೆ ಮೂಡುತ್ತಿದೆ.

ಅದರ ಪಕ್ಕದಲ್ಲೇ ಒಂದು ಮಾಸ್ತಿಗಲ್ಲೂ ಇದೆ. ಬಳೆ ತೊಟ್ಟ ತೋಳು, ಮೇಲೆತ್ತಿದ ಅಂಗೈ. ಕಲ್ಲುಗಳ ಬಗ್ಗೆ ಹಾಕಲಿರುವ ಬೋರ್ಡಿನಲ್ಲಿ ಇದರ ಬಗ್ಗೆ ಏನು ಬರೆಯಬೇಕು ಅಂತ ತಂಡದಲ್ಲಿ ದೊಡ್ಡ ಚರ್ಚೆಯೇ ಆಯಿತು. ಮಹಾಸತಿ ಅಂತ ಹೊಗಳಿ ಬರೆಯಲು ನಾನು ಒಪ್ಪಲಿಲ್ಲ. ಗಂಡ ಸತ್ತ ಮೇಲೆ ಪ್ರಾಣ ಬಿಟ್ಟ ಹೆಣ್ಣಿನ ಕಲ್ಲು ಇದು ಅಂತಷ್ಟೇ ಬರೆಯುತ್ತೇವೆ. ಅವಳನ್ನೂ ನೆನೆಯಬೇಕು, ಆದರೆ ಆ ಪದ್ಧತಿಯನ್ನು ಹೊಗಳಬಾರದು.

ಇನ್ನು ಬಾಕಿ ಇರುವ ಕೆಲಸ. ಕೆರೆ ಏರಿಯ ಕಲ್ಲಿನ ಬುಡಕ್ಕೆ ಸಿಮೆಂಟ್ ಹಾಕುವುದಿಲ್ಲ. ಗುಂಡಿಗೆ ಜಲ್ಲಿ, ಮಣ್ಣು ತುಂಬಿ ಗಟ್ಟಿ ಮಾಡುತ್ತೇವೆ, ನೀರು ಇಳಿದು ಹೋಗಬೇಕು. ಮುಂದೆಂದೋ ಯಾರಾದರೂ ತೆಗೆಯಬೇಕಾಗಿ ಬಂದರೆ ಒಡೆಯದೆ ತೆಗೆಯಲೂ ಆಗಬೇಕು. ಬಣ್ಣ ಬಳಿಯಲು ಮುಂದೆ ಬಂದವರಿಗೆ ಬೇಡ ಅಂತ ಪ್ರೀತಿಯಿಂದಲೇ ಹೇಳಿದ್ದೇವೆ. ಪಡಿಯಚ್ಚಿನ ಫೋಟೋವನ್ನು ಹಳಗನ್ನಡ ಶಾಸನ ಓದುವ ಇಬ್ಬರು ಮೇಷ್ಟ್ರಿಗೆ ಕಳಿಸಿದ್ದೇನೆ. ಚೆಕ್ಕೆ ಎದ್ದ ಜಾಗದ ಕೊನೆಗೆ ಒಂದು ಕೊಂಬಿನ ಗುರುತು ಇದೆ, ಅದು 'ಗು' ಇರಬಹುದಾ ಅಂತ ಕೇಳಿದ್ದೇನೆ. ಬೋರ್ಡಿಗೆ ಪಂಚಾಯ್ತಿಯವರು ಜಾಗ ತೋರಿಸಿದ್ದಾರೆ. ಶಾಲೆಯ ಏಳನೇ ಕ್ಲಾಸಿನ ಮಕ್ಕಳು ಅದರ ಮಾತುಗಳನ್ನು ಬರೆಯುತ್ತಿದ್ದಾರೆ. ಮುಂದಿನ ಸಲ ಅದನ್ನು ಪೂರ್ತಿ ಇಲ್ಲಿ ಹಾಕುತ್ತೇನೆ.